ಸ್ಪ್ರಿಂಗ್ ಕತ್ತರಿಸುವ ಮೊದಲು ಗಾಳಿ ನೋಡಿ

ಬೊಮ್ಮನಹಳ್ಳಿಯ ಒಂದು ಗ್ಯಾರೇಜಿನಲ್ಲಿ ನಮಗೆ ಸಿಕ್ಕಿದ್ದು ಬಂಟ್ವಾಳ ಕಡೆಯ ನಮ್ಮದೇ ಹುಡುಗ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಉಳಿಸಿದ ಹಣದಲ್ಲಿ ಕೊಂಡ ಹಳೆಯ ಮಾರುತಿ ಎಸ್ಟೀಮ್, ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇಯಲ್ಲಿ ಓಡಿಸುವ ಆಸೆ. "ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದ್ರೂ ಗಾಡಿ ನೇರ ಹೋಗ್ತದೆ ಕಾಕ. ಸ್ಪ್ರಿಂಗ್ ಒಂದು ಸುತ್ತು ಕತ್ತರಿಸಿ ಕೂರಿಸುವ" ಎಂದ. ಮೇಸ್ತ್ರಿ ಒಪ್ಪಲಿಲ್ಲ.

ಅವರು ಒಪ್ಪದಿದ್ದುದೇ ಸರಿ. ಎಸ್ಟೀಮಿನಲ್ಲಿ ಎಂಜಿನ್ ಭಾರ ಮುಂದೆ. ಎಳೆಯುವುದೂ ತಿರುಗುವುದೂ ಅದೇ ಎರಡು ಚಕ್ರ. ಗಾಡಿಯನ್ನು ಅತಿಯಾಗಿ ತಗ್ಗಿಸಿದರೆ ಕೆಳಗಿನ ಆರ್ಮ್ ಮೇಲ್ಮುಖವಾಗುತ್ತದೆ. ಆಗ ಬಾಡಿ ವಾಲುವುದು ಕಡಿಮೆಯಾಗುವ ಬದಲು ಹೆಚ್ಚಲೂಬಹುದು. ಸಸ್ಪೆನ್ಶನ್ ಬೇಗ ರಬ್ಬರ್ ಸ್ಟಾಪಿಗೆ ಬಡಿದರೆ ಮುಂದಿನ ಟೈರಿನ ಹಿಡಿತ ಒಮ್ಮೆಲೇ ತಪ್ಪುತ್ತದೆ. ನೋಡಲು ಚಂದ, ಅಷ್ಟೇ.

ಮೇಸ್ತ್ರಿ ಕೇಳಿದ್ದು ಒಂದು ಸೀಮೆಸುಣ್ಣ. ಟೈರಿನ ಅಂಚಿಗೆ ಅಡ್ಡ ಗೀರು ಎಳೆದು ಟ್ರ್ಯಾಕಿನಲ್ಲಿ ಓಡಿಸಿ ಬಂದರೆ, ಗೀರು ಎಲ್ಲಿಯವರೆಗೆ ಅಳಿಸಿದೆ ಎಂಬುದೇ ಉತ್ತರ. ಪಕ್ಕದ ಗೋಡೆಯವರೆಗೂ ಅಳಿಸಿದ್ದರೆ ಟೈರ್ ಮಡಚುತ್ತಿದೆ; ಗಾಳಿ ಸಾಲದು. ಬಿಸಿಯಾದ ಟೈರಿನಲ್ಲಿ ಒತ್ತಡ ಏರುವುದರಿಂದ, ಓಡಿ ಬಂದ ಕೂಡಲೇ ಅಳೆಯಬೇಕು. ಗಾಳಿ ಸರಿಯಿದ್ದೂ ಹೊರ ಅಂಚೇ ಸವೆದರೆ ಕ್ಯಾಂಬರ್ ನೋಡಬೇಕು, ಅಂದರೆ ಚಕ್ರದ ತಲೆಯನ್ನು ಒಳಕ್ಕೆ ವಾಲಿಸಬೇಕು. ಟೋ ಅಳೆಯಲು ಗಾಡಿಯ ಎರಡೂ ಬದಿಗೆ ಗಾಳದ ತಂಗೂಸಿ ಬಿಗಿದರೆ ಸಾಕು. ಕರಾವಳಿಯವರಿಗೆ ಅದೇನು ಹೊಸತೇ?

ಹಿಂದಿನ ಆ್ಯಂಟಿ ರೋಲ್ ಬಾರ್ ಗಟ್ಟಿ ಮಾಡಿದರೂ ಮುಂಭಾಗ ಚೆನ್ನಾಗಿ ತಿರುಗುತ್ತದೆ. ಆದರೆ ಅತಿಯಾದರೆ, ತಿರುವಿನ ಮಧ್ಯೆ ಆಕ್ಸಿಲರೇಟರ್ ಬಿಟ್ಟ ಕ್ಷಣ ಹಿಂಭಾಗವೇ ತಿರುಗಿ ಎದುರು ಬರುತ್ತದೆ. ಹೊಸಬರಿಗೆ ಇದು ಮೊದಲಿನದಕ್ಕಿಂತ ಅಪಾಯ.

ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನೂ ಬರೆದಿಡಬೇಕು. ರಾಲಿಯಲ್ಲಿ ಪಕ್ಕದ ಸೀಟಿನವರ ಕೈಯಲ್ಲಿ ಯಾವಾಗಲೂ ನೋಟ್ ಪುಸ್ತಕ ಇರುತ್ತದೆ. ಕಾಸರಗೋಡಿನ ಮೊಗ್ರಾಲಿನ ಮೂಸಾ ಶರೀಫ್ ಆ ಸೀಟಿನಲ್ಲಿ ಕೂತೇ ಗೌರವ್ ಗಿಲ್ ಜೊತೆ ರಾಷ್ಟ್ರೀಯ ರಾಲಿ ಚಾಂಪಿಯನ್ ಆದವರು.

ಹುಡುಗ ಮೊದಲು ರಾತ್ರಿ ಹೊಸೂರು ರಸ್ತೆಯ ಮೇಲ್ಸೇತುವೆಯಲ್ಲೇ ಪರೀಕ್ಷೆ ಮಾಡುವ ಅಂದಿದ್ದ. "ಮೋನೆ, ಅಲ್ಲಿ ನಿನ್ನ ಹಿಂದೆ ಬಸ್ಸಿದೆ, ಬೈಕಿನಲ್ಲಿ ಯಾರದೋ ಉಮ್ಮ ಇದ್ದಾರೆ" ಎಂದು ಮೇಸ್ತ್ರಿ ಗದರಿದರು. ನಾವೂ ದನಿಗೂಡಿಸಿದೆವು. ಸ್ಪ್ರಿಂಗಿಗೆಂದು ಇಟ್ಟಿದ್ದ ಹಣ ಟ್ರ್ಯಾಕ್ ದಿನದ ಶುಲ್ಕಕ್ಕೆ ಹೋಗಲಿದೆ. ಹೆಲ್ಮೆಟ್ ಮಾತ್ರ ಸಾಲ ತರಬೇಡ, ನಿನ್ನ ಅಳತೆಯದೇ ಕೊಳ್ಳು ಅಂತ ಹೇಳಿ ಬಂದಿದ್ದೇವೆ.