ಬ್ಲೂಟೂತ್ ಏಳದಿದ್ದರೆ ಏನು ಮಾಡಬೇಕು?

ಶಾಲೆ, ಯುವಕ ಸಂಘ, ಮಹಿಳಾ ಮಂಡಲಿಗಳಿಗೆ ಹಳೆಯ ಲ್ಯಾಪ್‌ಟಾಪ್ ದೊರೆತರೆ ಅದರಲ್ಲಿ ಲಿನಕ್ಸ್ ಹಾಕಿಕೊಳ್ಳುವುದು ಅನುಕೂಲ. ಅದಕ್ಕೆ ಬೆಲೆ ಕೊಡಬೇಕಾಗಿಲ್ಲ. ಆದರೆ ಕೆಲವು ಯಂತ್ರಗಳಲ್ಲಿ ಬ್ಲೂಟೂತ್ ಮಾತ್ರ ಏಳುವುದಿಲ್ಲ. ತಂತಿಯಿಲ್ಲದ ಸ್ಪೀಕರ್ ಜೋಡಿಸಿ ಸಭೆಗೆ ಪಾಠ ಕೇಳಿಸೋಣವೆಂದರೆ ಆಗುವುದಿಲ್ಲ. ಆಗ ಚಿಪ್ಪೇ ಕೆಟ್ಟಿದೆಯೆಂದು ಸಂಘದ ಹಣ ಖರ್ಚು ಮಾಡಲು ಹೊರಡಬಾರದು. ಪಂಪ್‌ಸೆಟ್ ನಿಂತರೆ ಮೋಟಾರು ಬಿಚ್ಚುವ ಮೊದಲು ಫ್ಯೂಸ್ ನೋಡುತ್ತೇವಲ್ಲವೇ? ಇಲ್ಲಿಯೂ ಹಾಗೆಯೇ ಒಂದೊಂದಾಗಿ ನೋಡುತ್ತ ಬರಬೇಕು.

ಡೆಬಿಯನ್ ಎಂಬ ಲಿನಕ್ಸಿನಲ್ಲಿ ಅನುಸರಿಸಬೇಕಾದ ಕ್ರಮವನ್ನು ಕೆಳಗೆ ಕೊಟ್ಟಿದೆ. ಆಜ್ಞೆಗಳನ್ನು ಟರ್ಮಿನಲ್ ಎಂಬ ಕಿಟಕಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಪ್ರತಿಯೊಂದರ ಮುಂದೆ 'ಸುಡೊ' ಎಂದು ಸೇರಿಸಬೇಕು.

1. ತಡೆ: 'ಆರ್‌ಎಫ್‌ಕಿಲ್ ಲಿಸ್ಟ್' ಎಂದು ಬರೆದರೆ ತಡೆ ಇದೆಯೇ ಎಂಬುದು ತಿಳಿಯುತ್ತದೆ. 'ಹಾರ್ಡ್ ಬ್ಲಾಕ್ಡ್: ಯೆಸ್' ಎಂದಿದ್ದರೆ ಯಂತ್ರದ ಬದಿಯ ಸ್ವಿಚ್ಚನ್ನೋ ಕೀಲಿಮಣೆಯ ಗುಂಡಿಯನ್ನೋ ಒತ್ತಿ ತೆಗೆಯಬೇಕು. 'ಸಾಫ್ಟ್ ಬ್ಲಾಕ್ಡ್: ಯೆಸ್' ಎಂದಿದ್ದರೆ 'ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಬ್ಲೂಟೂತ್' ಎಂದರೆ ಸಾಕು.

2. ಫರ್ಮ್‌ವೇರ್: ಪಟ್ಟಿಯಲ್ಲಿ ಬ್ಲೂಟೂತಿನ ಹೆಸರೇ ಇಲ್ಲದಿದ್ದರೆ ಹೆಚ್ಚಾಗಿ ಕೊರತೆ ಇಲ್ಲಿರುತ್ತದೆ. ಫರ್ಮ್‌ವೇರ್ ಎಂದರೆ ಚಿಪ್ಪಿಗೆ ಅದರ ಕೆಲಸ ಹೇಳಿಕೊಡುವ ಸಣ್ಣ ಕಡತ. ಅನೇಕ ಚಿಪ್ಪುಗಳು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಫುಟ್‌ವಾಲ್ವ್ ಸೋರುವ ಪಂಪಿಗೆ ಪ್ರತಿಸಲವೂ ನೀರು ತುಂಬಿಸಿದ ಮೇಲೆಯೇ ಅದು ನೀರೆತ್ತುವಂತೆ, ಯಂತ್ರ ಶುರುವಾದಾಗಲೆಲ್ಲ ಲಿನಕ್ಸ್ ಈ ಕಡತವನ್ನು ಚಿಪ್ಪಿಗೆ ತುಂಬಬೇಕು. ಈ ಕಡತಗಳ ಮೂಲ ಬರಹವನ್ನು ತಯಾರಕರು ಸಾಮಾನ್ಯವಾಗಿ ಹೊರಗೆ ಕೊಡುವುದಿಲ್ಲ. ಆದುದರಿಂದ ಡೆಬಿಯನ್ನಿನವರು ಬಹುಕಾಲ ಅವನ್ನು ತಮ್ಮ ಅಧಿಕೃತ ಪ್ರತಿಯಲ್ಲಿ ಸೇರಿಸಿರಲಿಲ್ಲ. 2022ರಲ್ಲಿ ಮತ ಹಾಕಿ ಸೇರಿಸಲು ತೀರ್ಮಾನಿಸಿದರು. 2023ರ 12ನೇ ಆವೃತ್ತಿಯಿಂದ ಅವು ಜೊತೆಗೇ ಬರುತ್ತಿವೆ. ಹಳೆಯ ಪ್ರತಿ ಹಾಕಿದವರಿಗೆ ತೊಂದರೆ ಹೆಚ್ಚಾಗಿರುವುದು ಇದರಿಂದಲೇ.

ಡಿ, ಎಂ, ಇ, ಎಸ್, ಜಿ ಎಂಬ ಐದಕ್ಷರದ ಆಜ್ಞೆ ಕೊಟ್ಟರೆ ಯಂತ್ರದ ದಿನಚರಿ ತೆರೆಯುತ್ತದೆ. ಅದರಲ್ಲಿ 'ಫರ್ಮ್‌ವೇರ್' ಮತ್ತು 'ಫೇಲ್ಡ್' ಎಂಬ ಮಾತುಗಳಿರುವ ಸಾಲನ್ನು ಹುಡುಕಬೇಕು. ಬೇಕಾದ ಕಡತದ ಹೆಸರು ಅಲ್ಲಿಯೇ ಇರುತ್ತದೆ. ರಿಯಲ್‌ಟೆಕ್ ಚಿಪ್ಪಾದರೆ 'ಫರ್ಮ್‌ವೇರ್-ರಿಯಲ್‌ಟೆಕ್' ಎಂಬ ಪ್ಯಾಕೇಜನ್ನು ಹಾಕಿಕೊಳ್ಳಬೇಕು. ವೈಫೈ ಸಹ ಇಲ್ಲದಿದ್ದರೆ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಅದರ ಇಂಟರ್ನೆಟ್ ಬಳಸಬಹುದು. ಬಳಿಕ ಯಂತ್ರವನ್ನು ಬರೀ ರೀಸ್ಟಾರ್ಟ್ ಮಾಡದೆ ಪೂರ್ತಿ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಹಾಕಬೇಕು.

3. ಸೇವೆ: 'ಬ್ಲೂಜ಼ೆಡ್' ಎಂಬ ಪ್ಯಾಕೇಜ್ ಇರಬೇಕು, ಲಿನಕ್ಸಿನಲ್ಲಿ ಬ್ಲೂಟೂತ್ ನಡೆಸುವುದು ಅದೇ. 'ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್ ಬ್ಲೂಟೂತ್' ಎಂದರೆ ಸೇವೆ ಶುರುವಾಗುತ್ತದೆ. ಮುಂದೆ ಸೆಟ್ಟಿಂಗ್ಸ್‌ನಲ್ಲಿ ಸ್ಪೀಕರಿನ ಹೆಸರು ಆರಿಸಿ ಜೋಡಿಸಬಹುದು. ಸ್ಪೀಕರ್ ಸುಮಾರು 10 ಮೀಟರಿನೊಳಗೆ ಇರಲಿ. ಗೋಡೆ ಅಡ್ಡವಿದ್ದರೆ ಅಷ್ಟು ದೂರವೂ ಸಿಗದು.

ಈ ಮೂರನ್ನೂ ನೋಡಿದ ಮೇಲೂ ಏಳದಿದ್ದರೆ ಆಗ ಹೊರಗಿನ ಯುಎಸ್‌ಬಿ ಬ್ಲೂಟೂತ್ ಕೊಳ್ಳುವ ಯೋಚನೆ ಮಾಡಿರಿ. ಕೊಳ್ಳುವ ಮುನ್ನ ಅದು ಲಿನಕ್ಸಿನಲ್ಲಿ ನಡೆಯುವುದೇ ಎಂದು ಅಂಗಡಿಯವರನ್ನು ಕೇಳಿ, ಸಾಧ್ಯವಾದರೆ ಅಲ್ಲಿಯೇ ಹಾಕಿ ನೋಡಿರಿ. ದಿನಚರಿಯಲ್ಲಿ ಕಂಡ ಸಾಲನ್ನು ಸಂಘದ ಪುಸ್ತಕದಲ್ಲಿ ಬರೆದಿಟ್ಟರೆ ಮುಂದೆ ಇನ್ನೊಂದು ಯಂತ್ರಕ್ಕೂ ಉಪಯೋಗವಾದೀತು.