ಒಂದು ಸೆಕೆಂಡಿನಲ್ಲಿ ಎಷ್ಟು ಕೋಟಿ?

ಒಂದು ಸೆಕೆಂಡು ಎಂದರೆ 919 ಕೋಟಿ 26 ಲಕ್ಷ 31 ಸಾವಿರದ 770 ಕಂಪನ! ಸೀಸಿಯಂ ಪರಮಾಣುವಿನ ಈ ಲೆಕ್ಕವನ್ನು ಜಗತ್ತು 1967ರಲ್ಲೇ ಒಪ್ಪಿಕೊಂಡಿತು. ಬೆಂಗಳೂರು ಸಮೀಪದ ಬ್ಯಾಲಾಳಿನಲ್ಲಿ ಇಸ್ರೊ ದಾರಿ ತೋರುವ ತನ್ನ ನಾವಿಕ್ ಉಪಗ್ರಹಗಳಿಗಾಗಿ ಕಾಯ್ದುಕೊಳ್ಳುವ ಸಮಯಕ್ಕೂ ಇದೇ ಸೆಕೆಂಡು ಆಧಾರ. ಊಟ ನಿದ್ದೆ ಬಿಟ್ಟು, ಸೆಕೆಂಡಿಗೊಂದರಂತೆ ಈ ಕಂಪನಗಳನ್ನು ಎಣಿಸುತ್ತ ಕೂತರೆ ಮುಗಿಯಲು 291 ವರ್ಷ ಬೇಕು.

ಸ್ಟ್ರಾನ್ಷಿಯಂನ ಆಪ್ಟಿಕಲ್ ಗಡಿಯಾರದ ಮುಂದೆ ಇದು ಏನೂ ಅಲ್ಲ. ಅದರ ಮಿಡಿತ ಸೆಕೆಂಡಿಗೆ 429 ಲಕ್ಷ ಕೋಟಿ. ಎಣಿಸಲು 1 ಕೋಟಿ 36 ಲಕ್ಷ ವರ್ಷ!

ಅಮೆರಿಕದ ಬೋಲ್ಡರ್‌ನಲ್ಲಿರುವ ಜಿಲಾ ಸಂಸ್ಥೆಯಲ್ಲಿ ಭೌತವಿಜ್ಞಾನಿ ಜುನ್ ಯೆ ತಂಡ 2024ರಲ್ಲಿ ತೋರಿಸಿದ ಇಂಥದೇ ಗಡಿಯಾರ ಒಂದು ಸೆಕೆಂಡು ತಪ್ಪಬೇಕಾದರೆ ಸುಮಾರು 3,900 ಕೋಟಿ ವರ್ಷ ಓಡಬೇಕು. ಇಡೀ ವಿಶ್ವದ ವಯಸ್ಸೇ 1,380 ಕೋಟಿ ವರ್ಷ. ಈ ನಿಖರತೆಯನ್ನು ನಮ್ಮ ನೆಲದಲ್ಲೇ ಅಳೆದು ನೋಡಲು ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಗೆ ಬನ್ನಿ. ಕೃಷ್ಣೆಯ ದಡದ ಈ ಊರಿನಲ್ಲೇ ಬಸವಣ್ಣನವರ ಪತ್ನಿ ನೀಲಮ್ಮ ಐಕ್ಯರಾದರೆಂದು ಭಕ್ತರ ನಂಬಿಕೆ. 12ನೇ ಶತಮಾನದ ಆ ಕಾಲದಿಂದ, ಅಂದರೆ ಸುಮಾರು 850 ವರ್ಷ, ಇಂಥ ಗಡಿಯಾರ ಇಲ್ಲಿ ಓಡುತ್ತಲೇ ಇದ್ದಿದ್ದರೆ ತಪ್ಪು ಎಷ್ಟಾಗುತ್ತಿತ್ತು ಗೊತ್ತೆ? ಸೆಕೆಂಡನ್ನು 100 ಕೋಟಿ ಚೂರು ಮಾಡಿದರೆ ಬರೀ 22 ಚೂರು! ಅಷ್ಟು ಹೊತ್ತಿನಲ್ಲಿ ಬೆಳಕು ಕೂಡ ಆರೂವರೆ ಮೀಟರ್ ಮಾತ್ರ ಸಾಗೀತು. ಹೊಳೆ ದಾಟುವ ಮಾತೇ ಇಲ್ಲ.

ಗಡಿಯಾರವನ್ನು ಒಂದು ಸೆಂಟಿಮೀಟರ್ ಮೇಲಕ್ಕೆತ್ತಿದರೂ ಅದು ಬೇಗ ಓಡುತ್ತದೆ. ಎಷ್ಟು ಬೇಗ? ವಿಶ್ವ ಹುಟ್ಟಿದಂದಿನಿಂದ ಇಂದಿನವರೆಗೆ ಅರ್ಧ ಸೆಕೆಂಡಿನಷ್ಟು! ಅದನ್ನೂ ಹಿಡಿಯಬಲ್ಲ ಗಡಿಯಾರಗಳಿವು. 2022ರಲ್ಲಿ ಜಿಲಾದವರು ಒಂದು ಮಿಲಿಮೀಟರ್ ಎತ್ತರದೊಳಗಿನ ವ್ಯತ್ಯಾಸವನ್ನೇ ಅಳೆದರು.

ವಿಜ್ಞಾನಿಗಳಿಗೆ ಇಷ್ಟಕ್ಕೂ ತೃಪ್ತಿಯಿಲ್ಲ! ಪರಮಾಣುಗಳು ತಮ್ಮ ಪಾಡಿಗೆ ತಾವು ಮಿಡಿದರೆ ನಿಖರತೆ 10 ಪಟ್ಟಾಗಲು ಪರಮಾಣುಗಳು 100 ಪಟ್ಟಾಗಬೇಕು. ಎಂಟ್ಯಾಂಗಲ್‌ಮೆಂಟ್ ಎಂಬ ಕ್ವಾಂಟಮ್ ನಂಟು ಬೆಸೆದರೆ, ಲೆಕ್ಕದ ಪ್ರಕಾರ 10 ಪಟ್ಟೇ ಸಾಕು. 2024ರಲ್ಲಿ ಜಿಲಾದ ಆಡಂ ಕಾಫ್ಮನ್ ತಂಡ 9 ಪರಮಾಣುಗಳವರೆಗೆ ಈ ನಂಟು ಬೆಸೆಯಿತು. ನಂಟು ಒಂದಿಷ್ಟೂ ಸಡಿಲವಾಗದಿದ್ದರೆ ಆ 9, ಬಿಡಿಬಿಡಿಯಾದ 81ಕ್ಕೆ ಸಮ. 2025ರಲ್ಲಿ ಅಮೆರಿಕದ ಸಂಶೋಧನಾ ಸಂಸ್ಥೆ ಕ್ಯಾಲ್ಟೆಕ್‌ನವರು ಲೇಸರ್ ಕಿರಣಗಳಿಂದಲೇ 6,100 ಸೀಸಿಯಂ ಪರಮಾಣುಗಳನ್ನು ಒಂದೊಂದಾಗಿ ಹಿಡಿದು ನಿಲ್ಲಿಸಿದರು. ಅಷ್ಟನ್ನೂ ಒಟ್ಟಿಗೆ ಬೆಸೆಯುವುದು ಇನ್ನೂ ಆಗಬೇಕಾದ ಕೆಲಸ. ಆದ ದಿನ ಆ 6,100, ನಂಟಿಲ್ಲದ 3 ಕೋಟಿ 72 ಲಕ್ಷ ಪರಮಾಣುಗಳಿಗೆ ಸಮನಾದಾವು. ಅಂದರೆ 2011ರ ಜನಗಣತಿಯ ಕರ್ನಾಟಕದ ಅರ್ಧಕ್ಕಿಂತ ಹೆಚ್ಚು ಜನರಷ್ಟು!