ಕಾಗೆ ತಲೆಗೆ ಕುಕ್ಕುವುದು ಅಪಶಕುನವೇ?

ಬೇಸಿಗೆ ಬಂತೆಂದರೆ ಹಲವು ಮನೆಗಳಲ್ಲಿ ಇದೇ ದೂರು: ಅಂಗಳಕ್ಕೆ ಇಳಿದರೆ ಕಾಗೆ ಹಿಂದಿನಿಂದ ಬಂದು ತಲೆಗೆ ಕುಕ್ಕುತ್ತದೆ. ಹಿರಿಯರು ಅಪಶಕುನವೆಂದು ತಲೆಸ್ನಾನ ಮಾಡಿಸುತ್ತಾರೆ. ನಿಜವಾದ ಕಾರಣ ಮೇಲಿನ ಮರದಲ್ಲಿರುತ್ತದೆ.

ಊರುಕಾಗೆಗಳು ಹೆಚ್ಚಾಗಿ ಏಪ್ರಿಲ್‌ನಿಂದ ಜೂನ್‌ವರೆಗೆ ಗೂಡು ಕಟ್ಟುತ್ತವೆ. ಸಾಮಾನ್ಯವಾಗಿ 3ರಿಂದ 5 ಮೊಟ್ಟೆ. ಸುಮಾರು 16–17 ದಿನ ಕಾವು. ಮರಿ ಗೂಡು ಬಿಡಲು ಮತ್ತೆ 3–4 ವಾರ ಬೇಕು. ಅಷ್ಟು ದಿನ ಗೂಡಿನ ಹತ್ತಿರ ಸುಳಿಯುವುದು ಬೆಕ್ಕಾಗಲಿ, ಮನುಷ್ಯನಾಗಲಿ, ಕಾಗೆಯ ಕಣ್ಣಿಗೆ ಮರಿಗಳ್ಳನೇ.

ನಮ್ಮ ಅಂಗಡಿಯ ಹಿಂದಿನ ಹೊಂಗೆ ಮರದಲ್ಲೂ ಗೂಡಿತ್ತು. ಮೊಮ್ಮಗನ ತಲೆಗೆ ಪರಚಿ ರಕ್ತ ಬಂದಾಗ ನಾನೇ ದೋಟಿ ಹಿಡಿದು ಹೊರಟಿದ್ದೆ. "ಮರಿ ಹಾರುವ ತನಕ ಹಿತ್ತಲ ಬಾಗಿಲು ಬಳಸದಿದ್ದರೆ ಆಯಿತಲ್ಲ" ಎಂದು ಮನೆಯವರು ತಡೆದರು. ಗೂಡು ಕೆಡವಿದ್ದರೆ ಮರಿಗಳ ಪ್ರಾಣ ಹೋಗುತ್ತಿತ್ತು. ಕೋಗಿಲೆಯೂ ಕಾಗೆಯ ಗೂಡಿನಲ್ಲೇ ಮೊಟ್ಟೆ ಇಡುವುದರಿಂದ ಅದರ ಮರಿಯೂ ಸಾಯಬಹುದಿತ್ತು. ಮರಿಗಳು ಹಾರಿದ ಮೇಲೆ ಕಾಗೆಗಳು ನಮ್ಮ ತಂಟೆಗೆ ಬರಲಿಲ್ಲ.

ಇಷ್ಟು ಮಾಡಿ ಸಾಕು. ಆ ದಾರಿ ಬಿಡಿ. ಆಗದಿದ್ದರೆ ಕೊಡೆ ಹಿಡಿಯಿರಿ. ಕಾಗೆ ಬೆನ್ನ ಹಿಂದಿನಿಂದ ಎರಗುವುದರಿಂದ ಅದರ ಮೇಲೆ ಕಣ್ಣಿಟ್ಟು ನಿಧಾನವಾಗಿ ನಡೆಯಿರಿ. ಕಲ್ಲು ಎಸೆಯಬೇಡಿ, ಕಾಗೆ ಮುಖ ನೆನಪಿಡುವ ಹಕ್ಕಿ. ಗಾಯವಾದರೆ ಸೋಪಿನಿಂದ ತೊಳೆದು ವೈದ್ಯರಿಗೆ ತೋರಿಸಿ. ರೆಕ್ಕೆ ಬಲಿಯುತ್ತಿರುವ ಮರಿ ನೆಲದಲ್ಲಿ ಕಂಡರೆ ಮನೆಗೆ ತರಬೇಡಿ. ನಾಯಿ, ಬೆಕ್ಕಿನ ಭಯವಿದ್ದರೆ ಹತ್ತಿರದ ಕೊಂಬೆಯ ಮೇಲಿಟ್ಟು ದೂರ ಸರಿಯಿರಿ. ತಾಯಿ ತಂದೆ ಅಲ್ಲೇ ಎಲ್ಲೋ ಕಾಯುತ್ತಿರುತ್ತವೆ.